ಡಿಸೆಂಬರ್ ರಜೆಯಲ್ಲಿ ಮನಸ್ಸು ಕುಸಿಯುವುದೇಕೆ? ಬೆಳಕು, ಬೀಗ ಮತ್ತು ಬಲವಂತದ ಖುಷಿಯ ಲೆಕ್ಕ

ಡಿಸೆಂಬರ್ 21ರಂದು ಎಡಿನ್‌ಬರಾದಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 8.42ಕ್ಕೆ, ಮುಳುಗುವುದು ಮಧ್ಯಾಹ್ನ 3.40ಕ್ಕೆ. ಪೂರಾ ಏಳು ಗಂಟೆಯ ಹಗಲೂ ಇಲ್ಲ. ಅದರಲ್ಲೂ ಮೋಡ ಕವಿದಿದ್ದರೆ ಹಗಲಾಯಿತು ಅಂತ ಗೊತ್ತಾಗುವುದೇ ಬೀದಿದೀಪ ಆರಿದಾಗ. ಅದೇ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಹೊತ್ತು ಬೆಳಕಿರುತ್ತದೆ.

ಈ ಊರಲ್ಲಿ ನನಗಿದು ಮೂರನೇ ಚಳಿಗಾಲ. ಓದಲು ಬಂದೆ, ಓದು ಮುಗಿಯಿತು. ಈಗ ಗ್ರಾಜುಯೇಟ್ ವೀಸಾ ಮೇಲೆ ಇದ್ದುಕೊಂಡು ಫ್ರೀಲಾನ್ಸ್ ಬರವಣಿಗೆ ಮಾಡುತ್ತಿದ್ದೇನೆ. ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರ ಬಂದರೆ ನನ್ನೊಳಗೆ ಏನೋ ನಿಧಾನ ಆಗಿಬಿಡುತ್ತದೆ. ನಿದ್ದೆ ಜಾಸ್ತಿ, ಅನ್ನ-ಬ್ರೆಡ್ಡು-ಸಿಹಿಯ ಮೇಲೆ ಆಸೆ ಜಾಸ್ತಿ, ಬರೆಯುವುದು ಮಾತ್ರ ಆಗುವುದಿಲ್ಲ. ಒಂದು ಪ್ಯಾರಾ ಬರೆಯಲು ಅರ್ಧ ದಿನ ಬೇಕು. ಸರಿಯಾಗಿ ಅದೇ ಹೊತ್ತಿಗೆ ಊರು ತುಂಬ ದೀಪ, ಹಾಡು, ರಜೆ.

ಹೀಗಾಗುವುದು ನನಗೊಬ್ಬಳಿಗೇ ಅಲ್ಲ. ಬ್ರಿಟನ್, ಜರ್ಮನಿ, ಕೆನಡಾ ಅಂತ ಹೋಗಿರುವ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರಿಗೆ ಹೀಗಾಗುತ್ತದೆ. ಬಹಳಷ್ಟು ಜನ ಇದನ್ನು "ನನಗೇ ಧೈರ್ಯ ಸಾಲದು" ಅಂತ ಅಂದುಕೊಂಡು ಸುಮ್ಮನಿರುತ್ತಾರೆ. ಆದರೆ ಈ ಕುಗ್ಗುವಿಕೆಗೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ. ಒಂದು ದೇಹದ್ದು, ಒಂದು ಸಮಾಜದ್ದು, ಇನ್ನೊಂದು ಮಾರುಕಟ್ಟೆಯದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಯಾವುದು ಅಂತ ಗುರುತಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಮೊದಲು ಎರಡು ಸುಳ್ಳುಗಳನ್ನು ಬದಿಗಿಡೋಣ

ಕ್ರಿಸ್‌ಮಸ್ ಸಮಯದಲ್ಲಿ ಆತ್ಮಹತ್ಯೆಗಳು ಹೆಚ್ಚಾಗುತ್ತವೆ ಎಂಬುದು ಪಶ್ಚಿಮದ ಪತ್ರಿಕೆಗಳು ವರ್ಷ ವರ್ಷವೂ ಬರೆಯುವ ಮಾತು. ಅಂಕಿಅಂಶ ಹೇಳುವುದು ಇದರ ಉಲ್ಟಾ. ಅಮೆರಿಕದಲ್ಲಿ ಡಿಸೆಂಬರ್ ಸಾಮಾನ್ಯವಾಗಿ ಅತಿ ಕಡಿಮೆ ಆತ್ಮಹತ್ಯೆಗಳು ನಡೆಯುವ ತಿಂಗಳುಗಳಲ್ಲಿ ಒಂದು. ಸಂಖ್ಯೆ ಏರುವುದು ವಸಂತ ಮತ್ತು ಬೇಸಿಗೆಯಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಪಬ್ಲಿಕ್ ಪಾಲಿಸಿ ಸೆಂಟರ್ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಪತ್ರಿಕೆಗಳು ಈ ಸುಳ್ಳನ್ನು ಹೇಗೆ ಹಬ್ಬಿಸುತ್ತಿವೆ ಅಂತಲೇ ಲೆಕ್ಕ ಇಡುತ್ತಾ ಬಂದಿದೆ. ಇದು ಹೊಸ ವಿಷಯವೂ ಅಲ್ಲ. ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲೇ ಯುರೋಪಿನ ಅಂಕಿಗಳನ್ನಿಟ್ಟುಕೊಂಡು, ಹಗಲು ಉದ್ದವಾದಂತೆ ಆತ್ಮಹತ್ಯೆಗಳೂ ಹೆಚ್ಚುತ್ತವೆ ಎಂದು ತೋರಿಸಿದ್ದರು. ಅದಕ್ಕೆ ಕಾರಣವನ್ನು ಹವಾಮಾನದಲ್ಲಿ ಹುಡುಕದೆ ಸಾಮಾಜಿಕ ಬದುಕಿನ ವೇಗದಲ್ಲಿ ಹುಡುಕಿದ್ದರು.

ಈ ಸುಳ್ಳಿನಿಂದ ತೊಂದರೆ ಇದೆ. ಮೊದಲೇ ಕುಗ್ಗಿರುವವರಿಗೆ "ಈ ಕಾಲದಲ್ಲಿ ಹೀಗೇ ಆಗುವುದು" ಅನ್ನುವ ತಪ್ಪು ಸಂದೇಶ ಹೋಗುತ್ತದೆ. ಚಳಿಗಾಲದಲ್ಲಿ ಮಂಕಾಗುವವರಲ್ಲಿ ಬಹುಪಾಲು ಜನ ಅದನ್ನು ದಾಟಿ ಹೋಗುತ್ತಾರೆ.

ಇನ್ನೊಂದು ಸುಳ್ಳು "ಬ್ಲೂ ಮಂಡೇ". ಜನವರಿಯ ಮೂರನೇ ಸೋಮವಾರ ವರ್ಷದ ಅತ್ಯಂತ ಬೇಸರದ ದಿನವಂತೆ, ಅದಕ್ಕೊಂದು ಗಣಿತ ಸೂತ್ರ ಬೇರೆ ಇದೆಯಂತೆ. ಇದು 2005ರಲ್ಲಿ ಸ್ಕೈ ಟ್ರಾವೆಲ್ ಎಂಬ ಬ್ರಿಟಿಷ್ ಪ್ರವಾಸ ವಾಹಿನಿ ಹೊರಡಿಸಿದ ಪ್ರಚಾರ ಪ್ರಕಟಣೆ. ಬೇಸರ ಆಗಿದೆಯಾ, ಟಿಕೆಟ್ ಬುಕ್ ಮಾಡಿ ಅನ್ನುವುದೇ ಅದರ ಸಾರಾಂಶ. ಸೂತ್ರಕ್ಕೆ ವಿಜ್ಞಾನದ ಯಾವ ಆಧಾರವೂ ಇಲ್ಲ.

ಬೆಳಕು ಮಾಡುವ ಕೆಲಸ

ಹಾಗಂತ ಎಲ್ಲವೂ ಕಟ್ಟುಕತೆ ಅಲ್ಲ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಿಂದ 1976ರಲ್ಲಿ ನ್ಯೂಯಾರ್ಕಿಗೆ ಬಂದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ತಮ್ಮ ಮೇಲೇ ಒಂದು ಬದಲಾವಣೆ ಗಮನಿಸಿದರು. ಬೇಸಿಗೆಯಲ್ಲಿ ಇದ್ದ ಉತ್ಸಾಹ ಚಳಿಗಾಲದಲ್ಲಿ ಇಲ್ಲ, ವಸಂತ ಬಂದರೆ ಮತ್ತೆ ವಾಪಸ್. ಮುಂದೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುವಾಗ ಇಂಥದ್ದೇ ಅನುಭವ ಇರುವವರನ್ನು ಹುಡುಕಿ ಅಧ್ಯಯನ ಮಾಡಿದರು. 1984ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ 29 ರೋಗಿಗಳ ವಿವರ ಪ್ರಕಟಿಸಿ ಅದಕ್ಕೆ "ಸೀಸನಲ್ ಅಫೆಕ್ಟಿವ್ ಡಿಸಾರ್ಡರ್" ಅಂತ ಹೆಸರಿಟ್ಟರು. ಕನ್ನಡದಲ್ಲಿ ಋತುಮಾನದ ಖಿನ್ನತೆ ಅನ್ನಬಹುದು. ವರ್ಷದ ಅದೇ ಕಾಲಕ್ಕೆ ಬಂದು ಅದೇ ಕಾಲಕ್ಕೆ ಹೋಗುವುದು ಇದರ ಗುರುತು. ನಿದ್ದೆ ಕಡಿಮೆಯಾಗುವ ಬದಲು ಹೆಚ್ಚಾಗುವುದು, ಪಿಷ್ಟ ಮತ್ತು ಸಿಹಿ ತಿನ್ನಬೇಕೆನಿಸುವುದು ಇದರ ಸಾಮಾನ್ಯ ಲಕ್ಷಣಗಳು.

ಇದರ ಹಿಂದಿನ ಯಂತ್ರ ಹೀಗಿದೆ. ಕಣ್ಣಿನ ಹಿಂಪರದೆಯಲ್ಲಿ ಚಿತ್ರ ನೋಡಲು ಬೇಕಾದ ಕೋಶಗಳ ಜೊತೆಗೆ, ಸುತ್ತ ಎಷ್ಟು ಬೆಳಕಿದೆ ಅಂತ ಅಳೆಯುವುದೇ ಮುಖ್ಯ ಕೆಲಸವಾದ ಕೋಶಗಳೂ ಇವೆ. ಅವು ಮೆದುಳಿನಲ್ಲಿರುವ ದೇಹದ ಗಡಿಯಾರಕ್ಕೆ ಸುದ್ದಿ ಕೊಡುತ್ತವೆ. ಕತ್ತಲಾದಾಗ ಆ ಗಡಿಯಾರ ಮೆಲಟೋನಿನ್ ಎಂಬ ಹಾರ್ಮೋನ್ ಬಿಡುಗಡೆಗೆ ಸೂಚನೆ ಕೊಡುತ್ತದೆ. ಬೆಳಗಿನ ಬೆಳಕು ಅದನ್ನು ನಿಲ್ಲಿಸುತ್ತದೆ. 1980ರಲ್ಲಿ ಆಲ್ಫ್ರೆಡ್ ಲ್ಯೂಯಿ ಮತ್ತವರ ತಂಡ ಮನುಷ್ಯರಲ್ಲಿ ಈ ಕೆಲಸಕ್ಕೆ ಮನೆಯ ಬಲ್ಬಿನ ಬೆಳಕು ಸಾಲದು, ಪ್ರಖರ ಬೆಳಕೇ ಬೇಕು ಅಂತ ತೋರಿಸಿತು. ಬೆಳಗ್ಗೆ ಎಂಟೂಮುಕ್ಕಾಲಿನವರೆಗೂ ಕತ್ತಲಿದ್ದರೆ, ನೀವು ಎದ್ದಿರುತ್ತೀರಿ, ಗಡಿಯಾರಕ್ಕೆ ಇನ್ನೂ ರಾತ್ರಿ.

ಅಳತೆ ನೋಡಿ. ಸಾಮಾನ್ಯ ಆಫೀಸಿನ ದೀಪದಡಿ 300ರಿಂದ 500 ಲಕ್ಸ್ ಬೆಳಕಿರುತ್ತದೆ. ಮೋಡ ಮುಸುಕಿದ ನಡುಹಗಲಲ್ಲೂ ಹೊರಗೆ ಅದರ ಹಲವು ಪಟ್ಟು ಇರುತ್ತದೆ. ನಮ್ಮೂರಿನ ಬಿಸಿಲಿನಲ್ಲಿ ಇದು ಒಂದು ಲಕ್ಷ ಲಕ್ಸ್‌ವರೆಗೂ ಹೋಗಬಲ್ಲದು. ಅದಕ್ಕೇ ಚಿಕಿತ್ಸೆಗೆ ಬಳಸುವ ದೀಪಗಳು 10,000 ಲಕ್ಸ್‌ನವು. ಬೆಳಗ್ಗೆ ಎದ್ದ ಮೇಲೆ ಸುಮಾರು ಅರ್ಧ ಗಂಟೆ ಅದರ ಮುಂದೆ ಕೂರಬೇಕು. ದೀಪವನ್ನೇ ನೆಟ್ಟ ನೋಟದಲ್ಲಿ ನೋಡಬೇಕಿಲ್ಲ. ಬೈಪೋಲಾರ್ ಇರುವವರು, ಕಣ್ಣಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು.

ಇಲ್ಲೊಂದು ವರ್ಗದ ಪ್ರಶ್ನೆಯೂ ಇದೆ. ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಈ ದೀಪವನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ನಾವೇ ಕೊಳ್ಳಬೇಕು. ಹಗಲು ಇರುವ ಆ ಆರೇಳು ಗಂಟೆ ಉಗ್ರಾಣದಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ಕೆಲಸ ಮಾಡುವವರಿಗೆ ಬೆಳಕು ಸಿಗುವುದು ವಾರದ ರಜೆಯಂದು ಮಾತ್ರ. ಪಾರ್ಟ್‌ಟೈಮ್ ಕೆಲಸ ಮಾಡಿಕೊಂಡು ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇದೇ ಗುಂಪಿನವರು.

ಹಾಗಾದರೆ ಎಲ್ಲದಕ್ಕೂ ಕತ್ತಲೇ ಕಾರಣವಾ?

ಇಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ 34 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಪರಿಶೀಲಿಸಿತು. ಒಟ್ಟು ಜನಸಂಖ್ಯೆಯ ಮಟ್ಟದಲ್ಲಿ ಖಿನ್ನತೆಗೂ ಋತುವಿಗೂ, ಹಗಲಿನ ಉದ್ದಕ್ಕೂ ಗಟ್ಟಿ ಸಂಬಂಧ ಅದಕ್ಕೆ ಕಾಣಲಿಲ್ಲ. ಋತುಮಾನದ ಖಿನ್ನತೆ ಇರುವವರು ಇಲ್ಲ ಅಂತಲ್ಲ. ಚಳಿಗಾಲದಲ್ಲಿ ಮಂಕಾಗುವ ಎಲ್ಲರಿಗೂ ಅದೇ ಕಾಯಿಲೆ ಅಂತ ಹಣೆಪಟ್ಟಿ ಹಚ್ಚಲು ಬರುವುದಿಲ್ಲ ಅಂತ ಅರ್ಥ.

ನನ್ನ ವಿಷಯದಲ್ಲೂ ಹಾಗೇ. ನವೆಂಬರ್ ಕೊನೆಗೂ ಸಾಕಷ್ಟು ಕತ್ತಲಿರುತ್ತದೆ, ಆಗ ಹೇಗೋ ನಡೆಯುತ್ತದೆ. ಕುಸಿತ ಶುರುವಾಗುವುದು ರಜೆ ಹತ್ತಿರ ಬಂದಾಗ. ಸಂಪಾದಕರೆಲ್ಲ ರಜೆ ಮೇಲೆ ಹೋಗುತ್ತಾರೆ. ಕಳಿಸಿದ ಲೇಖನಕ್ಕೆ ಉತ್ತರ ಜನವರಿಗೆ, ದುಡ್ಡು ಅದರ ನಂತರ. ಆದರೆ ಬಾಡಿಗೆ ಡಿಸೆಂಬರಿಗೇ ಕಟ್ಟಬೇಕು. ಸಂಬಳದ ಕೆಲಸದಲ್ಲಿ ಇರುವವರಿಗೆ ರಜೆ ಅಂದರೆ ದುಡ್ಡು ಬರುವ ಬಿಡುವು. ಲೇಖನಕ್ಕಿಷ್ಟು ಅಂತ ದುಡಿಯುವವರಿಗೆ ರಜೆ ಅಂದರೆ ಕೆಲಸ ಇಲ್ಲದ ದಿನ. ಮಾತಾಡಲು ಸಹೋದ್ಯೋಗಿ ಇಲ್ಲ, ಹೋಗಲು ಆಫೀಸಿಲ್ಲ, ಜೊತೆಗಿದ್ದ ಫ್ಲ್ಯಾಟಿನವರು ಅವರವರ ಊರಿಗೆ. ಕೆಲವು ಸಲ ಎರಡು ದಿನ ಗಂಟಲಿನಿಂದ ಒಂದು ಮಾತೂ ಹೊರಡದೆ ಕಳೆದದ್ದಿದೆ.

ಊರಿಗೆ ಊರೇ ಬೀಗ ಹಾಕಿಕೊಂಡಾಗ

ಡಿಸೆಂಬರ್ 25ರಂದು ಬ್ರಿಟನ್‌ನಲ್ಲಿ ರೈಲು ಸಂಚಾರ ಬಹುತೇಕ ಪೂರ್ತಿ ನಿಂತಿರುತ್ತದೆ. ಗ್ರಂಥಾಲಯ ಮುಚ್ಚಿರುತ್ತದೆ. ದೊಡ್ಡ ಅಂಗಡಿಗಳು ತೆರೆಯುವಂತೆಯೇ ಇಲ್ಲ. ನಮ್ಮಲ್ಲಿ ಯುಗಾದಿ ದಿನವೂ ಕಾಕಾ ಅಂಗಡಿ ತೆರೆದಿರುತ್ತದೆ, ಬಸ್ಸು ಓಡುತ್ತದೆ, ಬೀದಿಯಲ್ಲಿ ಜನ ಇರುತ್ತಾರೆ. ಇಲ್ಲಿ ಹಬ್ಬ ಮನೆಯೊಳಗೆ ನಡೆಯುತ್ತದೆ. ಮನೆ ಇಲ್ಲದವರಿಗೆ ಬೀದಿ ಖಾಲಿ.

ಈ ಬೀಗ ಪ್ರಕೃತಿ ಹಾಕಿದ್ದಲ್ಲ. ಪ್ರೊಟೆಸ್ಟೆಂಟ್ ಸುಧಾರಣೆಯ ನಂತರ ಸ್ಕಾಟ್ಲೆಂಡಿನ ಚರ್ಚು ಕ್ರಿಸ್‌ಮಸ್ ಆಚರಣೆಯನ್ನು ವಿರೋಧಿಸಿತು, 1640ರಲ್ಲಿ ಅಲ್ಲಿನ ಸಂಸತ್ತು ಅದರ ರಜೆಯನ್ನೇ ರದ್ದು ಮಾಡಿತು. ಮುಂದೆ ತಲೆಮಾರುಗಟ್ಟಲೆ ಇಲ್ಲಿನ ಕಾರ್ಮಿಕರು ಆ ದಿನ ಕೆಲಸಕ್ಕೆ ಹೋಗುತ್ತಿದ್ದರು, ದೊಡ್ಡ ಹಬ್ಬ ಅಂದರೆ ಹೊಸ ವರ್ಷ, ಅವರ ಮಾತಿನಲ್ಲಿ ಹಾಗ್ಮನೇ. ಕ್ರಿಸ್‌ಮಸ್ ಇಲ್ಲಿ ಸಾರ್ವಜನಿಕ ರಜೆ ಆಗಿದ್ದು 1958ರಲ್ಲಿ. ದೊಡ್ಡ ಅಂಗಡಿಗಳು ಆ ದಿನ ತೆರೆಯಬಾರದು ಅಂತ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2004ರಲ್ಲಿ, ಸ್ಕಾಟ್ಲೆಂಡಿಗೆ 2007ರಲ್ಲಿ ಕಾಯ್ದೆ ಬಂತು. ಅದಕ್ಕಾಗಿ ಒತ್ತಾಯ ಮಾಡಿದ್ದು ಅಂಗಡಿ ಕಾರ್ಮಿಕರ ಸಂಘ.

ಅಂದರೆ ನನ್ನನ್ನು ಒಂಟಿ ಮಾಡುವ ಆ ಖಾಲಿ ಬೀದಿ, ಇನ್ನೊಬ್ಬ ಕಾರ್ಮಿಕಳ ಗೆಲುವು. ಕೌಂಟರಿನ ಹಿಂದೆ ವರ್ಷವಿಡೀ ನಿಲ್ಲುವವಳಿಗೆ ಒಂದು ದಿನ ಮನೆಯಲ್ಲಿ ಇರುವ ಹಕ್ಕು ಸಿಕ್ಕಿದೆ. ಅದನ್ನು ಕಿತ್ತುಕೊಂಡು ನನ್ನ ಬೇಸರ ಕಳೆಯಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ರಜೆ ಕೊಟ್ಟ ಸಮಾಜ, ಆ ರಜೆಯಲ್ಲಿ ಕುಟುಂಬ ಇಲ್ಲದವರು ಎಲ್ಲಿರಬೇಕು ಅಂತ ಯೋಚಿಸಿದೆಯಾ? 2010ರ ನಂತರದ ಮಿತವ್ಯಯ ನೀತಿಯಲ್ಲಿ ಬ್ರಿಟನ್‌ನಾದ್ಯಂತ ನೂರಾರು ಸಾರ್ವಜನಿಕ ಗ್ರಂಥಾಲಯಗಳು ಮುಚ್ಚಿದವು. ಅವು ದುಡ್ಡು ಕೊಡದೆ ಬೆಚ್ಚಗೆ ಕೂರಬಹುದಾದ ಜಾಗಗಳು. ಇತ್ತ 2018ರಲ್ಲಿ ಅದೇ ದೇಶ, ಕೊಲೆಯಾದ ಸಂಸದೆ ಜೋ ಕಾಕ್ಸ್ ಹೆಸರಿನ ಆಯೋಗದ ಶಿಫಾರಸಿನಂತೆ, ಒಂಟಿತನದ ವಿಷಯಕ್ಕೇ ಒಬ್ಬ ಸಚಿವರನ್ನು ನೇಮಿಸಿತು. ಒಂದು ಕೈಯಲ್ಲಿ ಜಾಗ ಮುಚ್ಚಿ ಇನ್ನೊಂದು ಕೈಯಲ್ಲಿ ಸಚಿವರನ್ನು ನೇಮಿಸಿದರೆ ಲೆಕ್ಕ ಸರಿಹೋಗುತ್ತದಾ?

ಒಂಟಿತನ ಸಣ್ಣ ವಿಷಯ ಅಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು.

ಖುಷಿಯಾಗಿರಲೇಬೇಕು ಎಂಬ ಒತ್ತಡ

ಮೂರನೆಯದು ಬಲವಂತದ ಖುಷಿ. ನವೆಂಬರ್‌ನಿಂದಲೇ ಜಾಹೀರಾತುಗಳಲ್ಲಿ ತುಂಬಿದ ಮೇಜು, ನಗುವ ಅಜ್ಜ, ಉಡುಗೊರೆ. ಸುತ್ತ ಎಲ್ಲರೂ ನಗುತ್ತಿರುವಾಗ ಬೇಸರ ಆಗುವುದಷ್ಟೇ ಅಲ್ಲ, ಬೇಸರ ಆಗಿದೆಯಲ್ಲಾ ಎಂಬ ನಾಚಿಕೆಯೂ ಸೇರಿಕೊಳ್ಳುತ್ತದೆ. ಈ ಎರಡನೆಯ ಪದರವೇ ಹೆಚ್ಚು ಕಾಡುವುದು.

ನಮ್ಮವರಿಗೆ ಇದರ ಮೇಲೆ ಇನ್ನೊಂದು ಹೊರೆ. "ಫಾರಿನ್‌ನಲ್ಲಿ ಇದ್ದಾರೆ" ಅನ್ನುವ ಚಿತ್ರ ಕಾಪಾಡಬೇಕು. ವಿದ್ಯಾಸಾಲಕ್ಕೆ ಮನೆ ಪತ್ರ ಅಡ ಇಟ್ಟಿರುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಿಮದ ಫೋಟೋ ಹಾಕಿರುತ್ತೇವೆ. ಅಮ್ಮ ವಿಡಿಯೋ ಕಾಲ್‌ನಲ್ಲಿ "ಯಾಕೆ ಪುಟ್ಟಿ, ಮುಖ ಬಾಡಿದೆ? ಊಟ ಸರಿ ಮಾಡ್ತಿದ್ದೀಯಾ?" ಅಂತಾಳೆ. "ಏನಿಲ್ಲಮ್ಮ, ಇಲ್ಲಿ ಲೈಟ್ ಕಮ್ಮಿ" ಅಂತೀನಿ. ನಿಜವಾದ ಮಾತೇ, ಪೂರ್ತಿ ಮಾತಲ್ಲ. ಮಗಳು ಮಂಕಾಗಿದ್ದಾಳೆ ಅಂದರೆ ಅವಳಿಗೆ ನಿದ್ದೆ ಬರುವುದಿಲ್ಲ, ಎಂಟು ಸಾವಿರ ಕಿಲೋಮೀಟರ್ ದೂರದಿಂದ ಏನೂ ಮಾಡಲೂ ಆಗುವುದಿಲ್ಲ. ಹಾಗಾಗಿ ಹೇಳುವುದು ಅಕ್ಕನಿಗೆ. ಯಾರಾದರೂ ಒಬ್ಬರಿಗೆ ಪೂರ್ತಿ ಗೊತ್ತಿರಬೇಕು ಅನ್ನುವುದು ನಾವಿಬ್ಬರೂ ಮಾಡಿಕೊಂಡ ಒಪ್ಪಂದ.

ಏನು ಮಾಡಬಹುದು?

ಮೂರು ಕಾರಣಗಳಿಗೆ ಮೂರು ಬಗೆಯ ಕೆಲಸ.

ಬೆಳಕಿಗೆ: ಬೆಳಕು ಇದ್ದಾಗ ಹೊರಗೆ ಹೋಗುವುದು. ನಾನು ಬರವಣಿಗೆಯ ಸಮಯವನ್ನೇ ಬದಲಿಸಿಕೊಂಡೆ. ಕತ್ತಲಲ್ಲಿ ಬರೆಯುವುದು, ಹನ್ನೊಂದರಿಂದ ಒಂದರವರೆಗೆ ಪೋರ್ಟೊಬೆಲ್ಲೊ ಕಡಲತೀರದಲ್ಲೋ ಮೆಡೋಸ್ ಪಾರ್ಕಿನಲ್ಲೋ ನಡೆಯುವುದು. ಮೋಡ ಇದ್ದರೂ ಸರಿ, ಕೋಣೆಯೊಳಗಿಗಿಂತ ಹೊರಗೆ ಬೆಳಕು ಹೆಚ್ಚೇ. ಇನ್ನು ವಿಟಮಿನ್ ಡಿ: ಶರತ್ಕಾಲ ಮತ್ತು ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಪರಿಗಣಿಸಿ ಅಂತ ಬ್ರಿಟನ್‌ನ ಸಲಹೆ, ನಮ್ಮಂಥ ಕಂದು ಚರ್ಮದವರಿಗೆ ವರ್ಷಪೂರ್ತಿ. ಅದು ಮುಖ್ಯವಾಗಿ ಮೂಳೆ, ಸ್ನಾಯುಗಳಿಗೆ. ವಾಟ್ಸಾಪಿನಲ್ಲಿ ಹೇಳುವಂತೆ ಬೇಸರಕ್ಕೆ ಅದೇ ಮಾತ್ರೆ ಅಂತ ನಂಬಿ ಕೂರಬೇಡಿ.

ಯೋಚನೆಗೆ: ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ತಂಡ ಋತುಮಾನದ ಖಿನ್ನತೆ ಇರುವವರಲ್ಲಿ ಬೆಳಕಿನ ಚಿಕಿತ್ಸೆ ಮತ್ತು ಮಾತಿನ ಚಿಕಿತ್ಸೆಯನ್ನು ಹೋಲಿಸಿತು. ಆ ಚಳಿಗಾಲಕ್ಕೆ ಎರಡೂ ಹತ್ತಿರ ಹತ್ತಿರ ಒಂದೇ ಫಲ ಕೊಟ್ಟವು. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ, ಮಾತಿನ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಮರುಕಳಿಸಿದ್ದು ಕಡಿಮೆ. "ಡಿಸೆಂಬರ್ ಬಂತು, ಮುಗೀತು ಕತೆ" ಅನ್ನುವ ಯೋಚನೆಯನ್ನು ಹಿಡಿದು ಪ್ರಶ್ನಿಸುವುದು, ಬೇಡ ಅನಿಸಿದಾಗಲೂ ಸಣ್ಣ ಕೆಲಸ ನಿಗದಿ ಮಾಡಿಕೊಳ್ಳುವುದು ಅದರ ತಿರುಳು. ನನ್ನ ಮಟ್ಟಿಗೆ ಅದು ದಿನಕ್ಕೆ ಇನ್ನೂರು ಪದ. ಚೆನ್ನಾಗಿರಬೇಕಂತಿಲ್ಲ, ಇನ್ನೂರು ಇದ್ದರೆ ಸಾಕು.

ಖಾಲಿ ಬೀದಿಗೆ: ರಜೆ ಬರುವ ಮೊದಲೇ ಜನ ಹುಡುಕಿಕೊಳ್ಳುವುದು. ಇದು ಕೊನೇ ಕ್ಷಣದಲ್ಲಿ ಆಗುವ ಕೆಲಸ ಅಲ್ಲ, ಬಸ್ಸು ರೈಲು ಇಲ್ಲದ ದಿನ ನಡೆದು ಹೋಗುವ ದೂರದಲ್ಲೇ ಸೇರಬೇಕು. ಕಳೆದ ವರ್ಷ ನಾವು ಏಳು ಜನ ಒಂದು ಅಡುಗೆಮನೆಯಲ್ಲಿ ಸೇರಿದೆವು. ಇಬ್ಬರು ಮಲಯಾಳಿ ಕೇರ್ ಹೋಮ್ ಕೆಲಸದವರು ಶಿಫ್ಟ್ ಮುಗಿಸಿ ಸಂಜೆ ಬಂದರು. ಅವರಿಗೆ ಆ ರಜೆಯೂ ಇರಲಿಲ್ಲ. ಹುಳಿ, ಚಿತ್ರಾನ್ನ, ಅವರು ತಂದ ಮೀನಿನ ಸಾರು. ಯಾರೂ ಖುಷಿಯಾಗಿರುವಂತೆ ನಟಿಸಬೇಕಿರಲಿಲ್ಲ, ಒಬ್ಬ ಊಟ ಮುಗಿಸಿ ಮೂಲೆಯಲ್ಲಿ ಮಲಗಿಬಿಟ್ಟ.

ಬೆಂಗಳೂರಿನಲ್ಲೇ ಇದ್ದು ಹೀಗಾದರೆ?

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಆದ್ದರಿಂದ ಅಲ್ಲಿ ವರ್ಷದ ಕೊನೆಗೆ ಮನಸ್ಸು ಕುಸಿದರೆ ಕತ್ತಲನ್ನು ದೂರಿ ಪ್ರಯೋಜನ ಕಡಿಮೆ. ಖಾಲಿಯಾದ ಪಿಜಿ, ಕೆಲಸದಿಂದ ತೆಗೆಯುತ್ತಾರೇನೋ ಎಂಬ ಭಯ, ಹೊಸ ವರ್ಷದ ರಾತ್ರಿ ಎಲ್ಲರೂ ಎಲ್ಲೋ ಹೋಗಿರುವಾಗ ಆರ್ಡರ್ ತಲುಪಿಸುವ ಕೆಲಸ, ಇವುಗಳ ಕಡೆ ನೋಡಬೇಕು.

ಎಲ್ಲಿದ್ದರೂ ಒಂದು ಅಳತೆ ನೆನಪಿರಲಿ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅದು ರಜೆಯ ಬೇಸರ ಅಲ್ಲ, ವೈದ್ಯರಿಗೆ ತೋರಿಸಬೇಕಾದದ್ದು. ಬದುಕೇ ಬೇಡ ಅನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಮಾತಾಡಿ. ಕರ್ನಾಟಕದಲ್ಲಿ ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬ್ರಿಟನ್‌ನಲ್ಲಿ ಸಮಾರಿಟನ್ಸ್ 116 123, ಕ್ರಿಸ್‌ಮಸ್ ದಿನವೂ ಫೋನ್ ಎತ್ತುತ್ತಾರೆ. ಇಲ್ಲಿಗೆ ಓದಲು ಬಂದವರು ವೀಸಾ ಜೊತೆಗೆ ವರ್ಷಕ್ಕೆ ನೂರಾರು ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿರುತ್ತೀರಿ. ಜಿಪಿ ಹತ್ತಿರ ಹೋಗುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಏನೂ ಬೇಡ.

ನನ್ನ ವೀಸಾ ಮುಂದಿನ ಚಳಿಗಾಲದ ಹೊತ್ತಿಗೆ ಮುಗಿದಿರುತ್ತದೆ. ಇಲ್ಲಿರುತ್ತೇನೋ ಊರಿಗೆ ಬರುತ್ತೇನೋ ಗೊತ್ತಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಬಂದಿಳಿದ ಹೊಸ ಹುಡುಗರು ಈಗ ಮೊದಲ ಡಿಸೆಂಬರ್ ನೋಡುತ್ತಿದ್ದಾರೆ. ನಿಮ್ಮ ತಮ್ಮನೋ ತಂಗಿಯೋ ಗೆಳತಿಯೋ ಅವರಲ್ಲಿ ಇದ್ದರೆ, "ಎಂಜಾಯ್ ಮಾಡು" ಅಂತ ಮೆಸೇಜ್ ಹಾಕುವ ಬದಲು 25ನೇ ತಾರೀಕು ಒಂದು ಫೋನ್ ಮಾಡಿ. ಅವರ ಮಧ್ಯಾಹ್ನ ಮೂರೂವರೆಗೆ, ಅಂದರೆ ನಮ್ಮ ರಾತ್ರಿ ಒಂಬತ್ತಕ್ಕೆ. ಅಲ್ಲಿ ಕತ್ತಲಾಗುವುದು ಆಗಲೇ.